ಬಾಯಿಯ ಕ್ಯಾನ್ಸರ್ ಬೇಲಿ ದಾಟುವುದು ಹೇಗೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನಿಮ್ಮ ಸಂಶೋಧನೆಯ ಬಗ್ಗೆ ಮಾತಾಡಿ, ಆದರೆ ಎಲ್ಲರಿಗೂ ಅರ್ಥವಾಗಬೇಕು" ಎಂದರು. ನಾನು ದಂತ ವೈದ್ಯಕೀಯ ಕಾಲೇಜಿನಲ್ಲಿ ಬಾಯಿಯ ರೋಗಶಾಸ್ತ್ರ ಕಲಿಸುವವಳು. ಹಲ್ಲು ಕೀಳುವುದು ನನ್ನ ಕೆಲಸವಲ್ಲ. ಬಾಯಿಯಲ್ಲಿ ಹುಣ್ಣು, ಗಂಟು, ಬಿಳಿ ಮಚ್ಚೆ ಇದ್ದವರಿಂದ ಶಸ್ತ್ರವೈದ್ಯರು ಚೂರು ಮಾಂಸ ತೆಗೆದು ಕಳಿಸುತ್ತಾರೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕ್ಯಾನ್ಸರೋ ಅಲ್ಲವೋ, ಕ್ಯಾನ್ಸರ್ ಆಗಿದ್ದರೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಹೇಳುವುದು ನನ್ನ ಕೆಲಸ. ರೋಗಿಯ ಮುಖ ನಾನು ನೋಡುವುದು ಅಪರೂಪ. ಅವರ ಬಾಯಿಯ ಒಂದು ಚೂರು ಮಾತ್ರ ಗಾಜಿನ ಪಟ್ಟಿಯ ಮೇಲೆ ನನ್ನ ಮುಂದೆ ಬರುತ್ತದೆ.

ಈ ವಿಷಯವನ್ನು ಈ ಊರಿನಲ್ಲಿ ಮಾತಾಡುವುದು ಸುಲಭವಲ್ಲ. ಇಲ್ಲಿ ಕುಳಿತಿರುವ ಹೆಚ್ಚಿನವರ ಮನೆಯ ದೀಪ ಉರಿಯುವುದು ಅಡಿಕೆಯಿಂದ. ನನ್ನ ಕಾಲೇಜಿನ ಫೀಸು, ಹಾಸ್ಟೆಲ್ ಖರ್ಚು, ಮೊದಲ ವೈದ್ಯಕೀಯ ಪುಸ್ತಕ ಎಲ್ಲವೂ ಅಡಿಕೆಯಿಂದಲೇ ಬಂದದ್ದು. ರಾತ್ರಿಯೆಲ್ಲ ಕುಳಿತು ಅಡಿಕೆ ಸುಲಿದ ಕೈಗಳಿವು. ಆದರೂ ಇದೇ ವಿಷಯವನ್ನು ಆರಿಸಿಕೊಂಡೆ. ಯಾಕೆ ಎಂಬುದು ಕೊನೆಯ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ಮೊದಲು ಎರಡು ಅಂಕಿ ಹೇಳುತ್ತೇನೆ. 2020ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 1,35,000ಕ್ಕೂ ಹೆಚ್ಚು ಜನರಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದಿತ್ತು. ಇಡೀ ಪ್ರಪಂಚದ ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಮೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ನಮ್ಮ ದೇಶದವರು. ಇದಕ್ಕೆ ಕಾರಣ ನಮ್ಮ ರಕ್ತದಲ್ಲಿಲ್ಲ, ನಾವು ಬಾಯಿಗೆ ಹಾಕಿಕೊಳ್ಳುವುದರಲ್ಲಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಶೇ. 21.4 ಮಂದಿ ಅದನ್ನು ಅಗಿಯುವ, ಬಾಯಲ್ಲಿಡುವ ರೂಪದಲ್ಲಿ ಬಳಸುತ್ತಿದ್ದರು.

ಇನ್ನು ಬಾಯಿಯ ಒಳಗೆ ಹೋಗೋಣ.

ನಮ್ಮ ಕೆನ್ನೆಯ ಒಳಭಾಗ, ನಾಲಿಗೆ, ವಸಡು ಇವುಗಳ ಮೇಲೆ ಒಂದು ಮೇಲ್ಪದರವಿದೆ. ಇಟ್ಟಿಗೆ ಜೋಡಿಸಿದ ಹಾಗೆ ಜೀವಕೋಶಗಳು ಸಾಲು ಸಾಲಾಗಿ ಒಂದರ ಮೇಲೊಂದು ಕುಳಿತಿರುತ್ತವೆ. ಕೆಳಗಿನ ಸಾಲಿನಲ್ಲಿ ಹೊಸ ಕೋಶಗಳು ಹುಟ್ಟುತ್ತವೆ, ಮೇಲೆ ಬರುತ್ತವೆ, ಸವೆದು ಹೋಗುತ್ತವೆ. ಬಾಯಿಯ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಟ್ಟುವುದು ಈ ಮೇಲ್ಪದರದಲ್ಲೇ. ಈ ಪದರದ ಅಡಿಯಲ್ಲಿ ಒಂದು ಅತಿ ತೆಳುವಾದ ಪೊರೆಯಿದೆ. ಅದನ್ನು ತಳಪೊರೆ ಎನ್ನೋಣ. ನಾಲ್ಕನೇ ಬಗೆಯ ಕೊಲಾಜೆನ್ ಮತ್ತು ಲ್ಯಾಮಿನಿನ್ ಎಂಬ ಪ್ರೋಟೀನುಗಳು ಬಲೆಯಂತೆ ಹೆಣೆದುಕೊಂಡು ಆ ಪೊರೆ ಆಗಿದೆ. ಅದರ ಕೆಳಗೆ ನಾರಿನ ಅಂಗಾಂಶ, ಸ್ನಾಯು, ರಕ್ತನಾಳಗಳು, ದುಗ್ಧನಾಳಗಳು ಇವೆ.

ನಮ್ಮ ತೋಟಕ್ಕೆ ಬೇಲಿ ಇರುವಂತೆ ಮೇಲ್ಪದರಕ್ಕೆ ಈ ತಳಪೊರೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಬೇಲಿಯ ಸುತ್ತ. ಮೇಲ್ಪದರದ ಕೋಶಗಳು ಕೆಟ್ಟು, ಅಡ್ಡಾದಿಡ್ಡಿ ಬೆಳೆಯತೊಡಗಿದರೂ ಬೇಲಿಯ ಒಳಗೇ ಇರುವ ತನಕ ಅವು ಬೇರೆ ಕಡೆಗೆ ಹೋಗಲಾರವು. ಯಾಕೆಂದರೆ ಹೋಗುವ ದಾರಿಗಳಾದ ರಕ್ತನಾಳ, ದುಗ್ಧನಾಳಗಳು ಬೇಲಿಯ ಆಚೆ ಇವೆ. ಆ ಹಂತದಲ್ಲಿ ಕತ್ತರಿಸಿ ತೆಗೆದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಬೇಲಿ ಮುರಿದು ಆಚೆ ಕಾಲಿಟ್ಟ ದಿನ ಅದು ನಿಜವಾದ ಕ್ಯಾನ್ಸರ್ ಆಗುತ್ತದೆ. ಇದನ್ನೇ ನಾವು ಆಕ್ರಮಣ ಎನ್ನುತ್ತೇವೆ.

ಹಾಗಾದರೆ ಬೇಲಿ ಮುರಿಯುವವರು ಯಾರು? ಅವರನ್ನು ಗುರುತು ಹಿಡಿಯುವುದು ಹೇಗೆ? ಇಲ್ಲಿ ಗುರುತು ಪ್ರೋಟೀನುಗಳ ಮಾತು ಬರುತ್ತದೆ. ನೂರಾರು ಇವೆ. ನಾನು ನಾಲ್ಕನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಇ-ಕ್ಯಾಡ್ಹೆರಿನ್. ಒಂದು ಕೋಶ ಪಕ್ಕದ ಕೋಶವನ್ನು ಕೈ ಹಿಡಿದು ನಿಲ್ಲುವುದು ಈ ಪ್ರೋಟೀನಿನಿಂದ. ಜಪಾನಿನ ಮಸಾತೋಶಿ ತಾಕೇಯಿಚಿ ಎಂಬ ವಿಜ್ಞಾನಿ ಈ ಕುಟುಂಬದ ಪ್ರೋಟೀನುಗಳನ್ನು ಪತ್ತೆ ಮಾಡಿದರು. ಕ್ಯಾಲ್ಸಿಯಂ ಇದ್ದರೆ ಮಾತ್ರ ಇವುಗಳ ಹಿಡಿತ ಗಟ್ಟಿ. ಆರೋಗ್ಯವಂತ ಬಾಯಿಯಲ್ಲಿ ಪ್ರತಿ ಕೋಶದ ಸುತ್ತ ಇದು ಗೆರೆ ಎಳೆದ ಹಾಗೆ ಕಾಣುತ್ತದೆ. ಕ್ಯಾನ್ಸರ್ ಮುಂದಕ್ಕೆ ನುಗ್ಗುವ ಅಂಚಿನಲ್ಲಿ ಅನೇಕ ಸಲ ಈ ಗೆರೆ ಮಸುಕಾಗುತ್ತದೆ, ಅಳಿಸಿಹೋಗುತ್ತದೆ. ಕೈ ಬಿಟ್ಟ ಕೋಶ ಒಂಟಿಯಾಗಿ ಅಲೆಯಲು ಸಿದ್ಧವಾಗುತ್ತದೆ. ಅದೇ ಹೊತ್ತಿಗೆ ಸಾಮಾನ್ಯವಾಗಿ ಮೇಲ್ಪದರದ ಕೋಶಗಳಲ್ಲಿ ಇರದ ವೈಮೆಂಟಿನ್ ಎಂಬ ಪ್ರೋಟೀನು ಕೆಲವದರಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಅಲೆಮಾರಿ ಕೋಶಗಳ ಲಕ್ಷಣ.

ಎರಡನೆಯದು ಎಂಎಂಪಿ, ಪೂರ್ತಿ ಹೆಸರು ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್. ಇವು ಕೊಲಾಜೆನ್ ಕತ್ತರಿಸುವ ಕಿಣ್ವಗಳು. ಬೇಲಿ ಕಡಿಯುವ ಕತ್ತಿ ಇವೇ. ಇದರ ಪತ್ತೆಯ ಕಥೆಯನ್ನು ಮಕ್ಕಳು ಕೇಳಬೇಕು. ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ಗೊದಮೊಟ್ಟೆ ನೋಡಿದ್ದೀರಲ್ಲ? ಅದು ಕಪ್ಪೆಯಾಗುವಾಗ ಬಾಲ ಎಲ್ಲಿಗೆ ಹೋಗುತ್ತದೆ? ಉದುರುವುದಿಲ್ಲ, ಕರಗಿಹೋಗುತ್ತದೆ. ಕರಗಿಸುವುದು ಯಾವುದು ಎಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ಇಬ್ಬರು ಹುಡುಕಿದರು. 1962ರಲ್ಲಿ ಅವರಿಗೆ ಕೊಲಾಜೆನ್ ಕತ್ತರಿಸುವ ಕಿಣ್ವ ಸಿಕ್ಕಿತು. ಈ ಕುಟುಂಬದ ಕಿಣ್ವಗಳು ನಮ್ಮ ಮೈಯಲ್ಲೂ ಇವೆ. ಗಾಯ ಮಾಯಲು, ಮೂಳೆ ಬೆಳೆಯಲು ಅವು ಬೇಕು. ಅವುಗಳಲ್ಲಿ ಎಂಎಂಪಿ-2 ಮತ್ತು ಎಂಎಂಪಿ-9 ಎಂಬ ಎರಡು ತಳಪೊರೆಯ ಕೊಲಾಜೆನನ್ನೇ ಕತ್ತರಿಸಬಲ್ಲವು. ಬಾಯಿಯ ಕ್ಯಾನ್ಸರಿನಲ್ಲಿ ಇವು ಅಳತೆ ಮೀರಿ ಹೆಚ್ಚುವುದನ್ನು ಬಹಳ ಅಧ್ಯಯನಗಳು ತೋರಿಸಿವೆ.

ಇಲ್ಲಿ ಒಂದು ಸೋಜಿಗವಿದೆ. ಈ ಕತ್ತಿಯನ್ನು ಕ್ಯಾನ್ಸರ್ ಕೋಶವೇ ಯಾವಾಗಲೂ ತಯಾರಿಸುವುದಿಲ್ಲ. ಅದರ ಮೈಮೇಲೆ ಎಮ್ಪ್ರಿನ್ ಎಂಬ ಪ್ರೋಟೀನು ಇರುತ್ತದೆ. ಅದು ಬೇಲಿಯಾಚೆಯ ನಾರಿನ ಕೋಶಗಳಿಗೆ ಸಂಕೇತ ಕೊಟ್ಟು ಅವುಗಳಿಂದಲೇ ಕಿಣ್ವ ಮಾಡಿಸುತ್ತದೆ. ಅಂಗಾಂಶವನ್ನು ಕಟ್ಟಿ ಕಾಯಬೇಕಾದ ಕೋಶಗಳೇ ಅದನ್ನು ಕೆಡವಲು ಕೈಜೋಡಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಕಟ್ಟಿದ ನಮ್ಮ ಹಿರಿಯರಿಗೆ ಈ ಕೋಶಗಳ ವಿಷಯ ತಿಳಿದಿರಲಿಲ್ಲ. ಆದರೆ ಇದಕ್ಕಿಂತ ಸರಿಯಾದ ವಿವರಣೆ ನನ್ನ ಪಠ್ಯಪುಸ್ತಕದಲ್ಲಿ ಇಲ್ಲ.

ಮೂರನೆಯದು ಲ್ಯಾಮಿನಿನ್-332 ಎಂಬ ಪ್ರೋಟೀನಿನ ಗಾಮಾ-2 ಎಳೆ. ಲ್ಯಾಮಿನಿನ್ ಬೇಲಿಯ ಒಂದು ಹೆಣಿಗೆ ಎಂದು ಆಗಲೇ ಹೇಳಿದೆ. ಆರೋಗ್ಯವಂತ ಅಂಗಾಂಶದಲ್ಲಿ ಅದು ಪೊರೆಯ ಗೆರೆಯಲ್ಲಿ ಇರುತ್ತದೆ. ನುಗ್ಗುವ ಕ್ಯಾನ್ಸರಿನಲ್ಲಿ ಎಲ್ಲಕ್ಕಿಂತ ಮುಂದೆ ಇರುವ ಕೋಶಗಳ ಒಳಗೇ ಅದು ತುಂಬಿಕೊಂಡಿರುತ್ತದೆ. ಗಡ್ಡೆಯ ನಡುಭಾಗದಲ್ಲಿ ಕಾಣದು, ಅಂಚಿನಲ್ಲಿ ಕಾಣುತ್ತದೆ. ಜಮೀನಿನ ತಕರಾರು ನೋಡಲು ಬಂದ ಸರ್ವೆಯವರು ಹೊಲದ ನಡುವೆ ನಿಲ್ಲುತ್ತಾರೆಯೇ? ಬದುವಿನ ಮೇಲೆ ನಿಲ್ಲುತ್ತಾರೆ. ನಾವೂ ಹಾಗೆಯೇ. ಕ್ಯಾನ್ಸರಿನ ಗುಣ ತಿಳಿಯಬೇಕಾದರೆ ಅದರ ಅಂಚನ್ನು ನೋಡಬೇಕು.

ನಾಲ್ಕನೆಯದು ಪೊಡೊಪ್ಲಾನಿನ್. ಇದು ಸಾಮಾನ್ಯವಾಗಿ ದುಗ್ಧನಾಳಗಳಲ್ಲಿ ಇರುವ ಪ್ರೋಟೀನು. ಬಾಯಿಯ ಬಿಳಿ ಮಚ್ಚೆಗಳಲ್ಲಿ ಇದು ತಳದ ಸಾಲು ಬಿಟ್ಟು ಮೇಲಿನ ಸಾಲುಗಳಿಗೂ ಹರಡಿದ್ದರೆ, ಅಂಥ ಮಚ್ಚೆ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಬೇಲಿ ಮುರಿಯುವ ಮೊದಲೇ ಎಚ್ಚರಿಸಬಲ್ಲ ಗುರುತು ಇದು ಎಂಬ ಆಸೆ ನಮಗಿದೆ.

ಕಣ್ಣಿಗೆ ಕಾಣದ ಪ್ರೋಟೀನನ್ನು ನೋಡುವುದು ಹೇಗೆ ಎಂದು ನೀವು ಕೇಳಬಹುದು. ಬಯಾಪ್ಸಿಯ ಚೂರನ್ನು ಫಾರ್ಮಾಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಹುದುಗಿಸಿ, ಸುಮಾರು 4 ಮೈಕ್ರಾನ್ ದಪ್ಪಕ್ಕೆ ಸೀಳುತ್ತೇವೆ. ಅದು ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದರ ಮೇಲೆ ಬೇಕಾದ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವನ್ನು ಹಾಕುತ್ತೇವೆ. ಪ್ರತಿಕಾಯಕ್ಕೆ ಬಣ್ಣ ಬರಿಸುವ ಒಂದು ಕಿಣ್ವವನ್ನು ಜೋಡಿಸಿರುತ್ತದೆ. ಆ ಕಿಣ್ವ ಬರುವುದು ಮೂಲಂಗಿಯ ದೂರದ ನೆಂಟನಾದ ಒಂದು ಗಿಡದ ಬೇರಿನಿಂದ. ಪ್ರೋಟೀನು ಇದ್ದಲ್ಲಿ ಕಂದು ಬಣ್ಣ, ಇಲ್ಲದಲ್ಲಿ ತಿಳಿ ನೀಲಿ. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಹೊಳೆಯುವ ಬಣ್ಣವನ್ನು ಪ್ರತಿಕಾಯಕ್ಕೆ ಅಂಟಿಸಿ ಈ ದಾರಿಯನ್ನು ತೆರೆದರು. ಇವತ್ತು ನಮ್ಮ ರಾಜ್ಯದ ಎಷ್ಟೋ ಪ್ರಯೋಗಾಲಯಗಳಲ್ಲಿ ಇದು ದಿನನಿತ್ಯದ ಕೆಲಸ. ಇದೇ ಶಾಲೆಯ ಪ್ರಯೋಗದ ಕೋಣೆಯಲ್ಲಿ ಈರುಳ್ಳಿ ಸಿಪ್ಪೆ ಇಟ್ಟು, ಸರದಿಯಲ್ಲಿ ನಿಂತು, ಒಬ್ಬೊಬ್ಬರೇ ಕೋಶ ನೋಡಿದವರು ನಾವು. ಈಗಲೂ ನಾನು ಮಾಡುವುದು ಅದೇ, ಸಿಪ್ಪೆ ಮಾತ್ರ ಬೇರೆ.

ಇದೆಲ್ಲದರಿಂದ ರೋಗಿಗೆ ಏನು ಉಪಯೋಗ? ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

1990ರ ದಶಕದಲ್ಲಿ ಎಂಎಂಪಿಯನ್ನು ತಡೆದರೆ ಕ್ಯಾನ್ಸರ್ ನಿಲ್ಲುತ್ತದೆ ಎಂದು ಮಾರಿಮಾಸ್ಟಾಟ್ ಮುಂತಾದ ಔಷಧಿಗಳನ್ನು ಹಲವು ಬಗೆಯ ಕ್ಯಾನ್ಸರುಗಳ ಮೇಲೆ ಪರೀಕ್ಷಿಸಿದರು. ಅವು ಸೋತವು. ರೋಗಿಗಳಿಗೆ ಕೀಲುನೋವು ಬಂತು, ಆಯುಸ್ಸು ನಿರೀಕ್ಷಿಸಿದಂತೆ ಹೆಚ್ಚಲಿಲ್ಲ. ಔಷಧಿ ಕೊಡುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿತ್ತು. ಜೊತೆಗೆ ಈ ಕುಟುಂಬದ ಕೆಲವು ಕಿಣ್ವಗಳು ಗಡ್ಡೆಯನ್ನು ಹಿಡಿದಿಡುವ ಕೆಲಸವನ್ನೂ ಮಾಡುತ್ತವೆ ಎಂದು ಆಮೇಲೆ ತಿಳಿಯಿತು. ಇನ್ನೊಂದು ಕಡೆ ಗೆಲುವೂ ಇದೆ. ಇಜಿಎಫ್ಆರ್ ಎಂಬ, ಕೋಶಕ್ಕೆ ಬೆಳೆಯಲು ಆಜ್ಞೆ ಕೊಡುವ ಪ್ರೋಟೀನನ್ನು ತಡೆಯುವ ಪ್ರತಿಕಾಯಗಳು ತಲೆ ಮತ್ತು ಕತ್ತಿನ ಕ್ಯಾನ್ಸರಿನ ಚಿಕಿತ್ಸೆಗೆ ಬಂದಿವೆ. ಅಂಥ ಒಂದನ್ನು, ನಿಮೊಟುಜುಮ್ಯಾಬನ್ನು, 2006ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾದ ಸಹಯೋಗದಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ತಂದಿತು.

ನಾನು ಹೇಳಿದ ನಾಲ್ಕು ಗುರುತುಗಳು ಇನ್ನೂ ರೋಗದ ಹಂತ ನಿರ್ಧರಿಸುವ ನಿಯಮಕ್ಕೆ ಸೇರಿಲ್ಲ. ಒಂದು ಪ್ರಯೋಗಾಲಯದಲ್ಲಿ ಬಂದ ಫಲಿತಾಂಶ ಇನ್ನೊಂದರಲ್ಲಿ ಅಷ್ಟೇ ಸ್ಪಷ್ಟವಾಗಿ ಬರುವುದಿಲ್ಲ. ಆದರೆ ಅವು ಕಲಿಸಿದ ಪಾಠ ನಿಯಮಕ್ಕೆ ಹತ್ತಿರವಾಗಿದೆ. ಮೊದಲೆಲ್ಲ ಗಡ್ಡೆಯ ಅಗಲ ಅಳೆದು ಹಂತ ಹೇಳುತ್ತಿದ್ದೆವು. 2018ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಆಳವನ್ನೂ ಅಳೆಯುತ್ತೇವೆ. ಪಕ್ಕದ ಆರೋಗ್ಯವಂತ ಭಾಗದ ತಳಪೊರೆಯ ಮಟ್ಟದಿಂದ ಕ್ಯಾನ್ಸರ್ ಎಷ್ಟು ಕೆಳಗೆ ಇಳಿದಿದೆ ಎಂಬುದು ಈ ಅಳತೆ. 5 ಮಿಲಿಮೀಟರ್ ಒಂದು ಗೆರೆ, 10 ಮಿಲಿಮೀಟರ್ ಇನ್ನೊಂದು ಗೆರೆ. ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಇಬ್ಬರ ನಾಲಿಗೆಯಲ್ಲೂ ಒಂದೂವರೆ ಸೆಂಟಿಮೀಟರಿನ ಹುಣ್ಣು. ಒಬ್ಬರದು 3 ಮಿಲಿಮೀಟರ್ ಆಳ, ಇನ್ನೊಬ್ಬರದು 7. ಕನ್ನಡಿಯಲ್ಲಿ ನೋಡಿದರೆ ಎರಡೂ ಒಂದೇ. ಆದರೆ ಎರಡನೆಯವರ ಗಡ್ಡೆ ಒಂದು ಮೆಟ್ಟಿಲು ಮೇಲಿನದು, ಕತ್ತಿನ ದುಗ್ಧಗ್ರಂಥಿಗೆ ಹರಡಿರುವ ಸಾಧ್ಯತೆ ಹೆಚ್ಚು.

ಕತ್ತಿನ ಗ್ರಂಥಿಯ ಮಾತು ಬಂತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ, ಕತ್ತಿನಲ್ಲಿ ಗಂಟು ಕಾಣದಿದ್ದರೂ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಗ್ರಂಥಿಗಳನ್ನು ತೆಗೆದರೆ ಮೂರು ವರ್ಷದ ನಂತರ ನೂರಕ್ಕೆ 80 ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ಶೇ. 67.5 ಮಂದಿ ಮಾತ್ರ. ಪ್ರಪಂಚದ ವೈದ್ಯರು ಈ ಭಾರತೀಯ ಅಧ್ಯಯನ ನೋಡಿ ತಮ್ಮ ಪದ್ಧತಿ ತಿದ್ದಿಕೊಂಡರು.

ಈಗ ಅಡಿಕೆಗೆ ಬರುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಹಾಕದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇದರ ಹಿಂದಿನ ಕೆಲಸವೂ ಗೊತ್ತಾಗಿದೆ. ಅಡಿಕೆಯ ಅರೆಕೊಲಿನ್ ನಾರಿನ ಕೋಶಗಳನ್ನು ಕೆರಳಿಸಿ ಹೆಚ್ಚು ಕೊಲಾಜೆನ್ ಮಾಡಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಬಲ ಕೊಟ್ಟು, ಆ ಕೊಲಾಜೆನ್ ಎಳೆಗಳನ್ನು ಹಗ್ಗದ ಹಾಗೆ ಬಿಗಿಯುತ್ತದೆ. ಕೆನ್ನೆ ಬಿಳಿಚಿ ಗಡುಸಾಗುತ್ತದೆ, ಖಾರ ತಡೆಯುವುದಿಲ್ಲ, ಬಾಯಿ ತೆರೆಯಲಾಗುವುದಿಲ್ಲ. ಇಂಥ ಬಾಯಿಗಳಲ್ಲಿ ಕೆಲವು ಮುಂದೆ ಕ್ಯಾನ್ಸರಿಗೆ ತಿರುಗುತ್ತವೆ. ನಮ್ಮ ಕಾಲೇಜಿಗೆ ಹೀಗೆ ಬರುವವರಲ್ಲಿ ಇಪ್ಪತ್ತು, ಇಪ್ಪತ್ತೈದರ ಹುಡುಗರಿದ್ದಾರೆ. ಗುಟ್ಕಾವನ್ನು 2013ರಲ್ಲಿ ಕರ್ನಾಟಕ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಬಂದವು. ಬೆರೆಸುವ ಕೆಲಸ ಕಾರ್ಖಾನೆಯಿಂದ ಹುಡುಗರ ಅಂಗೈಗೆ ಬಂತು, ಅಷ್ಟೆ.

"ನಮ್ಮಜ್ಜಿ ತೊಂಬತ್ತು ವರ್ಷ ಬದುಕಿದರು, ದಿನಕ್ಕೆ ಹತ್ತು ಕವಳ ಹಾಕುತ್ತಿದ್ದರು, ಏನಾಯಿತು?" ಎಂದು ನನ್ನನ್ನು ಮದುವೆ ಮನೆಗಳಲ್ಲಿ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ಕೊಳೆರೋಗ ಬಂದ ವರ್ಷ ತೋಟದ ಎಲ್ಲ ಮರಕ್ಕೂ ಬರುತ್ತದೆಯೇ? ಇಲ್ಲ. ಹಾಗೆಂದು ಮಳೆಗೆ ಮುಂಚೆ ಬೋರ್ಡೋ ಹೊಡೆಯುವುದನ್ನು ಯಾರಾದರೂ ಬಿಟ್ಟಿದ್ದೀರಾ?

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಾನು ಪಿಯುಸಿಯಲ್ಲಿದ್ದಾಗ ನನ್ನ ಚಿಕ್ಕಪ್ಪನ ಕೆನ್ನೆಯೊಳಗೆ ಹುಣ್ಣಾಯಿತು. ಅವರು ಹೊಗೆಸೊಪ್ಪಿನ ಕವಳ ಇಡುತ್ತಿದ್ದ ಜಾಗವೇ ಅದು. ನೋವಿರಲಿಲ್ಲ. ನೋವಿಲ್ಲದ್ದರಿಂದ ಯಾರೂ ಹೆದರಲಿಲ್ಲ. ಹುಳುಕು ಹಲ್ಲು ತಾಗಿ ಆಗಿದೆ ಎಂದು ಹಲ್ಲು ಕೀಳಿಸಿದರು. ಕೊಯ್ಲು ಮುಗಿಯಲಿ, ದುಡ್ಡು ಕೈಗೆ ಬರಲಿ ಎಂದು ಏಳು ತಿಂಗಳು ಕಳೆಯಿತು. ಬೆಂಗಳೂರಿಗೆ ಹೋಗುವ ಹೊತ್ತಿಗೆ ಕತ್ತಿನಲ್ಲಿ ನೆಲ್ಲಿಕಾಯಿಯಷ್ಟು ಗಂಟು ಇತ್ತು. ದವಡೆಯ ಅರ್ಧ ತೆಗೆದರು. ಅನ್ನ ಕಲಸಿ ಗಂಜಿ ಮಾಡಿ ಕುಡಿಸುತ್ತ ಚಿಕ್ಕಮ್ಮ ಹದಿನಾಲ್ಕು ತಿಂಗಳು ನೋಡಿಕೊಂಡರು. ಆಮೇಲೆ ಅವರ ಇಬ್ಬರು ಮಕ್ಕಳು ಇದೇ ಶಾಲೆಗೆ ಬಂದದ್ದು ಅಪ್ಪನಿಲ್ಲದೆ. ಪುಸ್ತಕದಲ್ಲಿ ನಾನು ಓದುವ ಆಕ್ರಮಣ ಎಂಬ ಪದಕ್ಕೆ ನನ್ನ ಮಟ್ಟಿಗೆ ಆ ಏಳು ತಿಂಗಳೇ ಅರ್ಥ.

ಅಡಿಕೆ ಮರ ಕಡಿಯಿರಿ ಎಂದು ಹೇಳಲು ನಾನು ಬಂದಿಲ್ಲ. ಹಾಗೆ ಹೇಳಿದರೆ ನನ್ನ ಅಣ್ಣನೇ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಬೆಳೆಗೆ ಬೇರೆ ದಾರಿ ಯಾವುದು, ಬೆಲೆ ಹೇಗೆ ಎಂಬುದನ್ನು ನನಗಿಂತ ತಿಳಿದವರು ಮಾತಾಡಬೇಕು. ನಾನು ಹೇಳಬಹುದಾದದ್ದು ಬಾಯಿಯ ಒಳಗೆ ನೋಡಿದ್ದನ್ನು ಮಾತ್ರ. ಅದನ್ನು ಮುಚ್ಚಿಟ್ಟು ಹಾರ ಹಾಕಿಸಿಕೊಂಡು ಹೋಗಲು ಮನಸ್ಸು ಒಪ್ಪಲಿಲ್ಲ.

ಇನ್ನು ಮಾಡಬೇಕಾದ ಕೆಲಸ. ಇದಕ್ಕೆ ನನ್ನ ದುಬಾರಿ ಪ್ರತಿಕಾಯಗಳು ಬೇಕಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 13 ಪಂಚಾಯತಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ, ಬೆಳಕು ಹಾಕಿ, ಬಾಯಿ ನೋಡಿದರು. ಅಷ್ಟೇ. 2005ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ಬಾಯಿ ದೇಹದ ಬಾಗಿಲು. ಹೊಟ್ಟೆಯೊಳಗಿನ ಗಡ್ಡೆಯಂತೆ ಇದು ಅಡಗಿ ಕೂರುವುದಿಲ್ಲ. ನೋಡಬೇಕು, ಅಷ್ಟೆ.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ನೀವೇ ನೋಡಿಕೊಳ್ಳಿ. ಎರಡು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕತ್ತಿನಲ್ಲಿ ಗಂಟು, ಇವು ಕಂಡರೆ ವೈದ್ಯರ ಹತ್ತಿರ ಹೋಗಿ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಅದೂ ತೋರಿಸಬೇಕಾದ ವಿಷಯ. ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಮ್ಮ ಆಶಾ ಅಕ್ಕಂದಿರನ್ನು ಕೇಳಿ. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂಬ ಮಾತು ಸುಳ್ಳು. ತಡ ಮಾಡಿದರೆ ಹರಡುತ್ತದೆ. ತಂಬಾಕು ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ.

ಗುರುಗಳಿಗೆ ಮತ್ತು ಪಂಚಾಯತಿಯವರಿಗೆ ಒಂದು ಬಿನ್ನಹ. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಬಾರದು ಎಂಬ ಕಾನೂನು 2003ರಿಂದ ಇದೆ. ನಾಳೆ ಬೆಳಿಗ್ಗೆ ಗೇಟಿನಿಂದ ಟೇಪು ಹಿಡಿದು ಅಳೆದುಬಿಡೋಣ. ಸುವರ್ಣ ಮಹೋತ್ಸವಕ್ಕೆ ಕಟ್ಟಿದ ಕಮಾನಿಗಿಂತ ಅದು ಹೆಚ್ಚು ದಿನ ನಿಲ್ಲುತ್ತದೆ.

ಮಕ್ಕಳೇ, ಗೊದಮೊಟ್ಟೆಯ ಬಾಲ ಎಲ್ಲಿಗೆ ಹೋಯಿತು ಎಂದು ಕೇಳಿದವರಿಂದ ಒಂದು ಇಡೀ ವಿಜ್ಞಾನ ಹುಟ್ಟಿತು. ಅಂಥ ಪ್ರಶ್ನೆ ನಿಮ್ಮ ಗದ್ದೆಯಲ್ಲೂ ಇದೆ. ಕನ್ನಡದಲ್ಲೇ ಕೇಳಿ. ನಾನು ಕೋಶ ಎಂಬ ಮಾತನ್ನು ಮೊದಲು ಕೇಳಿದ್ದು ಇದೇ ಶಾಲೆಯಲ್ಲಿ, ಕನ್ನಡದಲ್ಲಿ.

ನನ್ನ ಜೊತೆ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿನಿಯರು ಬಂದಿದ್ದಾರೆ. ಊಟದ ನಂತರ ಎಂಟನೇ ತರಗತಿಯ ಕೋಣೆಯಲ್ಲಿ ಟಾರ್ಚು ಹಿಡಿದು ಕೂತಿರುತ್ತೇವೆ. ಒಬ್ಬರಿಗೆ ಎರಡು ನಿಮಿಷ ಸಾಕು. ನಾಚಿಕೆ ಬೇಡ, ಕವಳ ಹಾಕಿದ್ದರೆ ಬಾಯಿ ಮುಕ್ಕಳಿಸಿ ಬನ್ನಿ. ಮನೆಯಲ್ಲಿ ಉಳಿದ ಹಿರಿಯರನ್ನೂ ಕರೆದುಕೊಂಡು ಬನ್ನಿ. ಕೊನೆಯವರು ಹೋಗುವ ತನಕ ನಾವು ಏಳುವುದಿಲ್ಲ.